ಮದ್ದಿನ ನೆರಳು

ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ಸು ಹತ್ತಿ ಕುಳಿತದ್ದೇ ತಡ, ಅಮ್ಮ ಮುಂದಿನ ಸೀಟಿನ ಹೆಂಗಸನ್ನು ಮಾತಿಗೆ ಎಳೆದಳು. ಶಂಕರಿ ಕಿಟಕಿಗೆ ಮುಖ ತಿರುಗಿಸಿ, ಬಿಸಿಗಾಳಿಗೆ ಕಣ್ಣು ಕಿರಿದು ಮಾಡಿ, ಆ ಮಾತು ತನಗೆ ಸೇರಿದ್ದಲ್ಲ ಎಂಬಂತೆ ಕುಳಿತಳು.

"ಬದಿಯಡ್ಕದಲ್ಲಿ ಇವತ್ತು ಸನ್ಮಾನ ಉಂಟು. ನನ್ನ ಮಗಳದ್ದೂ ಭಾಷಣ ಉಂಟು," ಎಂದಳು ಅಮ್ಮ.

"ಸನ್ಮಾನ ಯಾರಿಗೆ?"

"ಶ್ರೀವಾಣಿ ಅಂತ. ನೀರ್ಚಾಲಿನ ಹತ್ತಿರದವಳು, ಈಗ ಜರ್ಮನಿಯಲ್ಲಿರುವುದು. ಪುನರ್ಪುಳಿಯಲ್ಲಿ ಕಣ್ಣಿನ ಪೊರೆಗೆ ಮದ್ದು ಉಂಟು ಅಂತ ಪೇಪರಿನಲ್ಲಿ ಬಂದಿತ್ತಲ್ಲ, ಅದು ಅವಳೇ ಕಂಡುಹಿಡಿದದ್ದು. ನನ್ನ ಮಗಳೂ ಅದೇ ಲ್ಯಾಬಿನಲ್ಲಿ, ಅದೇ ಮದ್ದಿನ ಕೆಲಸ."

ಹೆಂಗಸು ತಿರುಗಿ ಅಮ್ಮನ ಮುಖ ನೋಡಿದಳು. ಅಮ್ಮನ ಎರಡೂ ಕಣ್ಣಿನ ಪಾಪೆಗಳ ಮೇಲೆ ಗಂಜಿಯ ತಿಳಿಯಂಥ ಬಿಳುಪು ಕೂತಿತ್ತು. "ನಿಮಗೂ ಪೊರೆ ಬಂದಿದೆಯಲ್ಲ. ಆಪರೇಶನ್ ಮಾಡಿಸ್ಲಿಲ್ಲವಾ?"

"ನನಗೆಂತಕ್ಕೆ ಆಪರೇಶನ್? ಮಗಳ ಕೈಯಲ್ಲೇ ಮದ್ದು ಇರುವಾಗ," ಎಂದು ಅಮ್ಮ ನಕ್ಕಳು.

ಕೈ ಎಂಬ ಮಾತು ಶಂಕರಿಗೆ ಎಲ್ಲೋ ಚುಚ್ಚಿತು. ಲ್ಯಾಬಿನಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ಒಬ್ಬೊಬ್ಬರ ಕೈಯಲ್ಲಿ ಪ್ರೊಟೀನು ಹೇಳಿದ ಮಾತು ಕೇಳುತ್ತದೆ, ಇನ್ನೊಬ್ಬರ ಕೈಯಲ್ಲಿ ಮುನಿಸಿಕೊಂಡು ತಳ ಹಿಡಿಯುತ್ತದೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಶ್ರೀವಾಣಿಯದು ಒಳ್ಳೆಯ ಕೈ. ಶಂಕರಿಯದು ಹಿಡಿಯದ ಕೈ ಎಂದು ಗೈಡ್ ಮೇಡಂ ಒಮ್ಮೆ ಎಲ್ಲರೂ ಕುಳಿತ ಮೀಟಿಂಗಿನಲ್ಲಿ ನಗುತ್ತಲೇ ಹೇಳಿದ್ದರು. ಎಲ್ಲರೂ ನಕ್ಕಿದ್ದರು, ಶಂಕರಿಯೂ ನಕ್ಕಿದ್ದಳು. ಆಮೇಲೆ ಕೈ ತೊಳೆಯುವ ತೊಟ್ಟಿಯ ಮುಂದೆ ನಿಂತು, ತೊಳೆದ ಕೈಯನ್ನು ಮತ್ತೆ ಮತ್ತೆ ತೊಳೆಯುತ್ತಾ, ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿದ್ದಳು. ಜಿಲ್ಲೆಯ ತೆಂಕು ತುದಿಯಲ್ಲಿ, ಮುರಕಲ್ಲಿನ ಬೋಳು ಗುಡ್ಡದ ಮೇಲಿನ ಆ ವಿಶ್ವವಿದ್ಯಾಲಯಕ್ಕೆ ಅವಳು ಮೊದಲ ದಿನ ಹೋದಾಗ ಕಾರಿಡಾರಿನಲ್ಲಿ ಮಲಯಾಳ, ತರಗತಿಯಲ್ಲಿ ಇಂಗ್ಲಿಷು. ಎರಡರಲ್ಲೂ ಅವಳ ನಾಲಗೆ ಅರ್ಧ ದಾರಿಗೆ ನಿಲ್ಲುತ್ತಿತ್ತು. ಆಗ ಬಿಳಿ ಕೋಟಿನ ಒಂದು ಹುಡುಗಿ ಫ್ರಿಜ್ಜಿನ ಬಾಗಿಲ ಹಿಂದಿನಿಂದ ತಲೆ ಹೊರಗೆ ಹಾಕಿ, "ಎಂತ, ಮೀಂಜದವಳಾ ನೀನು? ಇನ್ನು ಹೆದರ್ಬೇಡ ಮಾರಾಯ್ತಿ, ನಾವು ಇಬ್ಬರಾದೆವು," ಎಂದಿದ್ದಳು. ಅದೇ ಶ್ರೀವಾಣಿ. ಹನಿ ಅಳೆಯುವ ಪಿಪೆಟ್ಟು ಹಿಡಿಯುವುದನ್ನು ಕಲಿಸಿದವಳೂ ಅವಳೇ. ಉಸಿರು ಬಿಡುವಾಗ ಹೆಬ್ಬೆರಳು ಒತ್ತು, ಉಸಿರು ಹಿಡಿದುಕೊಂಡು ಒತ್ತಿದರೆ ಹನಿ ನಡುಗುತ್ತದೆ ಎಂದು. ಅವಳು ಜರ್ಮನಿಗೆ ಹೋದ ಮೇಲೆ ಶಂಕರಿ ದಿನವಿಡೀ ಯಾರೊಡನೆಯೂ ತನ್ನ ಮಾತಿನಲ್ಲಿ ಮಾತಾಡದೆ ಇರುವುದನ್ನು ಅಭ್ಯಾಸ ಮಾಡಿಕೊಂಡಳು. ಹನಿಗಳನ್ನು ಮಾತ್ರ ಒಳಗೊಳಗೇ ತುಳುವಿನಲ್ಲಿ ಎಣಿಸುತ್ತಿದ್ದಳು, ಒಂಜಿ, ರಡ್ಡ್, ಮೂಜಿ. ಹಾಗೆ ಎಣಿಸುವಾಗ ಮೇಜಿನ ನಡುವಿನ ಗಾಜಿನ ಆಚೆ ಅವಳಿನ್ನೂ ಕೂತಿದ್ದಾಳೆ ಅನಿಸುತ್ತಿತ್ತು.

ಬಸ್ಸು ಸೀತಾಂಗೋಳಿ ದಾಟಿತು. ದಾರಿಬದಿಯ ಬೋಳು ಪದವಿನ ಮುಳಿಹುಲ್ಲು ಸುಟ್ಟು ಬಣ್ಣಗೆಟ್ಟಿತ್ತು. ಬ್ಯಾಗಿನೊಳಗೆ ಭಾಷಣದ ಹಾಳೆ ಇತ್ತು. ಅದನ್ನು ಬರೆದದ್ದು ಕಳೆದ ಗುರುವಾರಕ್ಕಿಂತ ಮೊದಲು. ಗುರುವಾರದ ಮಧ್ಯಾಹ್ನವನ್ನು ನೆನೆಯಬಾರದು ಎಂದುಕೊಂಡಷ್ಟೂ ಅದು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಕಣ್ಣಿನ ಮಸೂರದಲ್ಲಿ ಒಂದು ಪ್ರೊಟೀನು ಇದೆ, ಹುಟ್ಟಿನಿಂದ ಸಾಯುವ ತನಕ ಹೊಸತಾಗದೆ ಅಲ್ಲೇ ಇರುವಂಥದ್ದು. ವಯಸ್ಸಾದಂತೆ ಅದರ ಮಡಿಕೆ ಸಡಿಲಾಗಿ, ಒಂದಕ್ಕೊಂದು ಅಂಟಿ, ಹಾಲು ಒಡೆದಂತೆ ಗಂಟುಗಂಟಾಗುತ್ತದೆ, ಅದೇ ಪೊರೆ. ಈ ಪ್ರೊಟೀನಿನ ಮೇಲೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಬಿಟ್ಟರೆ ಅದು ತಾನೂ ಮಂದವಾಗಿ ಬೆಳಗುತ್ತದೆ. ಪುನರ್ಪುಳಿ ಹಣ್ಣಿನ ಸಿಪ್ಪೆಯಿಂದ ತೆಗೆದ ಹಳದಿ ಪದಾರ್ಥವನ್ನು ಶ್ರೀವಾಣಿ ಹನಿಹನಿಯಾಗಿ ಸೇರಿಸಿದಾಗ ಆ ಬೆಳಕು ಮೆಟ್ಟಿಲಿಳಿದಂತೆ ಕುಗ್ಗುತ್ತಾ ಹೋಯಿತು. ಅಂದರೆ ಪದಾರ್ಥ ಪ್ರೊಟೀನನ್ನು ಹಿಡಿದುಕೊಂಡಿದೆ. ಹಿಡಿದುಕೊಂಡರೆ ಗಂಟಾಗುವುದನ್ನು ತಡೆಯಬಹುದು. ಅವಳ ಪ್ರಬಂಧದಲ್ಲಿ 'ತಡೆಯಬಹುದು' ಎಂದೇ ಇತ್ತು. ಪತ್ರಿಕೆಯಲ್ಲಿ ಅದು 'ತಡೆಯುತ್ತದೆ' ಎಂದಾಯಿತು, ಶಂಕರಿಯ ಊರು ಮೀಂಜದ ಅಂಗಡಿ ಜಗಲಿಗೆ ಬರುವಾಗ ಮದ್ದೇ ಆಯಿತು. ಶ್ರೀವಾಣಿಗೆ ಡಾಕ್ಟರೇಟು, ಯುವ ವಿಜ್ಞಾನಿ ಪ್ರಶಸ್ತಿ, ಜರ್ಮನಿ. ಶಂಕರಿಗೆ ಬಂದದ್ದು ಅದರ ಮುಂದಿನ ಕೆಲಸ: ಹಿಡಿದುಕೊಳ್ಳುವಾಗ ಹೊರಬರುವ ಚೂರು ಶಾಖವನ್ನು ಅಳೆಯುವುದು. ಶಾಖ ಬರಲಿಲ್ಲ. ಒಂದು ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಪರದೆಯ ಮೇಲಿನ ಗೆರೆ ಕಡಲ ಅಂಚಿನಂತೆ ಸಪಾಟು. ಪ್ರೊಟೀನು ಹಾಳಾಗಿರಬೇಕು, ನೀರು ಶುದ್ಧವಿರಲಿಕ್ಕಿಲ್ಲ, ತನ್ನ ಕೈಯೇ ಸರಿಯಿಲ್ಲ ಎಂದು ಅವಳು ಎಲ್ಲವನ್ನೂ ಮೊದಲಿನಿಂದ ಮತ್ತೆ ಮಾಡುತ್ತಾ ಬಂದಳು. ಗುರುವಾರ, ಏನೂ ತೋಚದೆ, ಬೇಸರಕ್ಕೋ ಸಿಟ್ಟಿಗೋ, ಹಳದಿ ನೀರನ್ನು ಪ್ರೊಟೀನಿಗೆ ಸೇರಿಸಲೇ ಇಲ್ಲ. ಅದನ್ನು ಬೇರೊಂದು ಗಾಜಿನ ಡಬ್ಬಿಯಲ್ಲಿ ಹಾಕಿ, ಬೆಳಕು ಬರುವ ದಾರಿಯಲ್ಲಿ, ಪ್ರೊಟೀನಿನ ಮುಂದೆ ಸುಮ್ಮನೆ ಇಟ್ಟಳು. ಎರಡೂ ಒಂದನ್ನೊಂದು ಮುಟ್ಟಲಿಲ್ಲ. ಆದರೂ ಪ್ರೊಟೀನಿನ ಬೆಳಕು ಕುಗ್ಗಿತು, ಶ್ರೀವಾಣಿಯ ಪ್ರಬಂಧದ ಗೆರೆಚಿತ್ರದಲ್ಲಿದ್ದಂತೆಯೇ. ಮದ್ದು ಯಾರನ್ನೂ ಹಿಡಿದುಕೊಂಡಿರಲಿಲ್ಲ. ದೀಪಕ್ಕೂ ಪ್ರೊಟೀನಿಗೂ ನಡುವೆ ಅಡ್ಡ ನಿಂತು, ಬೆಳಕನ್ನು ತಾನೇ ನುಂಗಿ, ನೆರಳು ಹಾಕುತ್ತಿತ್ತು ಅಷ್ಟೆ. ಆ ನೆರಳನ್ನು ಇವರೆಲ್ಲ ಉತ್ತರ ಎಂದು ಓದಿದ್ದರು.

ಮೊದಲು ಬಂದದ್ದು ಸಂತೋಷ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನನ್ನ ಕೈ ಸರಿ ಇತ್ತು, ನನ್ನ ಕೈ ಸರಿ ಇತ್ತು ಎಂದು ಖಾಲಿ ಕೋಣೆಯಲ್ಲಿ ಅವಳು ಜೋರಾಗಿಯೇ ಹೇಳಿಕೊಂಡಿದ್ದಳು. ಆಮೇಲೆ ಅಮ್ಮನ ನೆನಪಾಗಿ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಎರಡು ವರ್ಷದ ಹಿಂದೆ ಕಣ್ಣಿನ ಶಿಬಿರದ ಡಾಕ್ಟರು ಆಪರೇಶನ್ ಮಾಡಿಸಿ ಎಂದಿದ್ದ ದಿನ, ಬೀಡಿಯ ಎಲೆ ನೆನೆಹಾಕುತ್ತಾ ಅಮ್ಮ ಕೇಳಿದ್ದಳು, "ಮಗಾ, ಆ ಮದ್ದು ಬರುವುದುಂಟಾ?" ಲ್ಯಾಬಿನಲ್ಲಿ ಯಾರೂ ಅಲ್ಲದವಳಿಗೆ ಮನೆಯಲ್ಲಾದರೂ ಯಾರೋ ಆಗಬೇಕಿತ್ತು. "ಬರಬಹುದು," ಎಂದಿದ್ದಳು. ಆ ಒಂದು ಮಾತನ್ನು ಅಮ್ಮ ನೀರು ಹಾಕಿ ಬೆಳೆಸಿದಳು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಿಂದ ಅವಳ ಬೀಡಿಗಳು ಹಿಂದೆ ಬರಲು ಶುರುವಾದವು, ಕಟ್ಟು ಸಡಿಲ, ಎಲೆ ಹರಿದಿದೆ ಎಂದು. ಎಲೆಯೇ ಸರಿ ಇಲ್ಲ ಮಾರಾಯ್ತಿ ಎಂದು ನೆರೆಮನೆಯವರಿಗೆ ಹೇಳುತ್ತಾ ಅಮ್ಮ ಬೆರಳಿನ ತುದಿಯಿಂದ ನೂಲು ಹುಡುಕುತ್ತಿದ್ದಳು.

ಶುಕ್ರವಾರ ಮೇಡಂಗೆ ಎಲ್ಲವನ್ನೂ ತೋರಿಸಿದಾಗ ಅವರು ಬಹಳ ಹೊತ್ತು ಪರದೆ ನೋಡಿದರು. ಕೆಟ್ಟವರಲ್ಲ ಅವರು, ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದಾಗ ಗಂಜಿ ಕಳಿಸಿದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದು ನಿಜ ಆದರೆ ನಿನ್ನ ಥೀಸಿಸ್ಸಿನ ಅರ್ಧವೂ ಹೋಗುತ್ತದೆ, ಗೊತ್ತಲ್ಲ ಎಂದು ಮಲಯಾಳದಲ್ಲಿ ಮೆಲ್ಲನೆ ಕೇಳಿದರು. ಇನ್ನೂ ಒಮ್ಮೆ ಮಾಡು, ಇನ್ನೊಬ್ಬರ ಕೈಯಿಂದಲೂ ಮಾಡಿಸುವ, ಅಲ್ಲಿಯವರೆಗೆ ಹೊರಗೆ ಬೇಡ. ಅದರಲ್ಲಿ ತಪ್ಪೇನೂ ಇರಲಿಲ್ಲ, ವಿಜ್ಞಾನದ ದಾರಿ ಅದೇ. ಆದರೆ ಆ ದಾರಿಯ ಉದ್ದಕ್ಕೂ ಅಮ್ಮ ಕಣ್ಣು ಮುಚ್ಚಿಕೊಂಡು ಕಾಯಬೇಕಿತ್ತು.

ಬದಿಯಡ್ಕದ ಸಭಾಭವನದ ಬಾಗಿಲಲ್ಲಿ ಶಿವಪ್ರಸಾದ ಮಾಸ್ಟ್ರು ನಿಂತಿದ್ದರು. ನಿವೃತ್ತರಾದ ಮೇಲೆ ಊರಿನ ಎಲ್ಲ ಸನ್ಮಾನಗಳನ್ನೂ ನಡೆಸಿಕೊಡುವವರು ಅವರೇ. "ಓ, ಅಭಿನಂದನಾ ನುಡಿ ನಿಮ್ಮದಲ್ಲವಾ? ಬನ್ನಿ ಬನ್ನಿ. ಐದು ನಿಮಿಷದ ಒಳಗೆ ಮುಗಿಸಿ ಆಯ್ತಾ. ನಿಮ್ಮದು ಡಾಕ್ಟರೇಟು ಆಯ್ತಾ?"

"ಇಲ್ಲ ಸರ್. ಆಗ್ತಾ ಉಂಟು."

"ಇನ್ನೂ ಆಗ್ಲಿಲ್ಲವಾ! ಶ್ರೀವಾಣಿಯದ್ದು ಎಷ್ಟು ಬೇಗ ಆಯ್ತು, ಅಲ್ಲವಾ?" ಎಂದು ಅವರು ಬೇರೆಯವರನ್ನು ಕರೆಯಲು ತಿರುಗಿದರು. ಹಾಕಬೇಕಾದ ನಗೆಯನ್ನು ಹಾಕಿಕೊಂಡು ಶಂಕರಿ ಅಮ್ಮನನ್ನು ಮೂರನೆಯ ಸಾಲಿನಲ್ಲಿ ಕೂರಿಸಿದಳು. ಸೆರಗು ಸರಿಮಾಡಿಕೊಂಡು ಅಮ್ಮ ಸುತ್ತ ಎಲ್ಲರಿಗೂ ಕಾಣುವಂತೆ ನಗುತ್ತಾ ಕೂತಳು. ಯಾರೂ ಇಲ್ಲದ ಕಡೆಗೂ ಒಮ್ಮೆ ತಲೆಬಾಗಿ ನಮಸ್ಕಾರ ಮಾಡಿದಳು.

ವೇದಿಕೆಯ ಹಿಂದಿನ ಸಣ್ಣ ಕೋಣೆಯಲ್ಲಿ ಶ್ರೀವಾಣಿ ಸೀರೆಯ ನೆರಿಗೆಗೆ ಪಿನ್ನು ಚುಚ್ಚುತ್ತಿದ್ದಳು. ಶಂಕರಿಯನ್ನು ಕಂಡದ್ದೇ ಬಂದು ಅಪ್ಪಿಕೊಂಡಳು. ಬೇರೆ ಸಾಬೂನಿನ, ಬೇರೆ ದೇಶದ ವಾಸನೆ. ಆದರೂ ಆ ತೋಳು ಹಳೆಯದೇ, ಮತ್ತು ಎಷ್ಟೋ ತಿಂಗಳ ಮೇಲೆ ಒಬ್ಬರು ತನ್ನನ್ನು ಮುಟ್ಟಿದ್ದಾರೆ ಎಂಬುದು ಶಂಕರಿಗೆ ಅರಿವಾಗಿ, ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತಿನ ಗಂಟು ಸಡಿಲವಾಯಿತು. ಇವತ್ತು ಬೇಡ, ನಾಳೆ ಫೋನು ಮಾಡಿ ಹೇಳಿದರಾಯಿತು ಅನಿಸಿತು.

"ಸಪೂರ ಆಗಿದ್ದಿ ಮಾರಾಯ್ತಿ. ಮೇಡಂ ಹೇಗಿದ್ದಾರೆ? ನಿನ್ನ ಶಾಖದ ಕೆಲಸ ಎಂತ ಆಯ್ತು?"

ಕೇಳಿದ್ದು ಅವಳೇ. ಶಂಕರಿ ಹೇಳಿದಳು. ಎರಡು ಡಬ್ಬಿ ಇಟ್ಟದ್ದು, ಮುಟ್ಟದೆಯೇ ಬೆಳಕು ಕುಗ್ಗಿದ್ದು. ಹೇಳುವಾಗ ಅವಳಿಗೆ ಶ್ರೀವಾಣಿಯ ಮುಖ ಬಿಳುಚಿಕೊಳ್ಳಬಹುದು, ಸಿಟ್ಟು ಬರಬಹುದು, ಹಾಗಾಗ್ಲಿಕ್ಕಿಲ್ಲ ಎಂದು ವಾದಿಸಬಹುದು ಎಂದಿತ್ತು, ಅದಕ್ಕೆಲ್ಲ ತಯಾರಾಗಿದ್ದಳು. ಶ್ರೀವಾಣಿ ಕನ್ನಡಿಯ ಕಡೆಗೆ ತಿರುಗಿ ಇನ್ನೊಂದು ಪಿನ್ನನ್ನು ಬಾಯಿಂದ ತೆಗೆದು ಭುಜಕ್ಕೆ ಚುಚ್ಚಿದಳು.

"ಹೌದು. ಅಲ್ಲಿಯೂ ಒಬ್ಬರು ಅದನ್ನೇ ಕೇಳಿದ್ದರು," ಎಂದಳು.

"ಯಾವಾಗ ಅಕ್ಕ?"

"ಹೋದ ಹೊಸತರಲ್ಲಿ."

ಹೊರಗೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು. ಹೋದ ಹೊಸತರಲ್ಲಿ ಎಂದರೆ ಎರಡು ವರ್ಷದ ಹಿಂದೆ. ಶ್ರೀವಾಣಿಗೆ ಗೊತ್ತಿತ್ತು. ಶಂಕರಿ ರಜೆಯ ದಿನಗಳಲ್ಲೂ ಆ ತಣ್ಣನೆ ಕೋಣೆಯಲ್ಲಿ ಸಪಾಟು ಗೆರೆಯ ಮುಂದೆ ಕೂತಿದ್ದಾಗ, ಅಕ್ಕ, ನನ್ನ ಕೈಯಲ್ಲಿ ಯಾಕೆ ಬರುವುದಿಲ್ಲ ಎಂದು ಸಂದೇಶ ಕಳಿಸಿದಾಗ, ತಾಳ್ಮೆ ಬೇಕು ಶಂಕರಿ, ಬರ್ತದೆ ಎಂದು ಅತ್ತಲಿಂದ ಉತ್ತರ ಬಂದಾಗ, ಆಗಲೂ ಗೊತ್ತಿತ್ತು. ಶಂಕರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ವಿಚಿತ್ರ ಒಂಟಿತನ. ಗಾಜಿನ ಆಚೆ ಇಷ್ಟು ದಿನ ಕೂತಿದ್ದಾಳೆ ಎಂದುಕೊಂಡವಳು ಅಲ್ಲಿ ಇರಲೇ ಇಲ್ಲ.

"ನನಗೆ ಹೇಳ್ಬಹುದಿತ್ತಲ್ಲ," ಎಂದಳು.

"ಹೇಳಿದ್ರೆ ಎಂತ ಆಗ್ತಿತ್ತು? ನೀನು ಹೋಗಿ ಮೇಡಂಗೆ ಹೇಳ್ತಿದ್ದಿ. ನನ್ನದು ಅಲ್ಲಿ ಒಂದೊಂದು ವರ್ಷದ ಕೆಲಸ ಶಂಕರಿ, ಪ್ರತಿ ವರ್ಷ ಅವರು ಬೇಡ ಅಂದ್ರೆ ಹಿಂದೆ ಬರ್ಬೇಕು. ನಿನಗದು ಅರ್ಥ ಆಗ್ಲಿಕ್ಕಿಲ್ಲ." ಕನ್ನಡಿಯಲ್ಲಿ ಕಂಡ ಅವಳ ಕಣ್ಣುಗಳಲ್ಲಿ ನಿದ್ದೆಗೆಟ್ಟವರ ಕೆಂಪು ಇತ್ತು. "ನಾನು ಸುಳ್ಳು ಬರೆಯಲಿಲ್ಲ. ನನಗೆ ಆಗ ಹಾಗೆಯೇ ಕಂಡದ್ದು. ಸರಿ ಮಾಡ್ತೇನೆ, ಸ್ವಲ್ಪ ನೆಲೆ ಸಿಕ್ಕಲಿ. ಇವತ್ತು ಎಂತದೂ ಹೇಳ್ಬೇಡ. ಅಪ್ಪ, ಅಮ್ಮ, ಊರಿಡೀ ಬಂದಿದೆ."

"ನನ್ನ ಅಮ್ಮನೂ ಬಂದಿದ್ದಾಳೆ," ಎಂದಳು ಶಂಕರಿ. ಯಾಕೆ ಹಾಗೆಂದಳೋ ಶ್ರೀವಾಣಿಗೆ ಅರ್ಥವಾಗಲಿಲ್ಲ. ಓ, ಹೌದಾ, ಆಮೇಲೆ ಮಾತಾಡಿಸ್ತೇನೆ ಎಂದಳು.

ಸಭೆಯಲ್ಲಿ ಪ್ರಾರ್ಥನೆ, ಸ್ವಾಗತ, ದೀಪ. ಒಬ್ಬರು ಶ್ರೀವಾಣಿ ಓದಿದ ಶಾಲೆಯ ಬಗ್ಗೆ ಮಾತಾಡಿದರು, ಗಡಿನಾಡಿನ ಕನ್ನಡ ಮಾಧ್ಯಮದವರು ಯಾರಿಗೇನು ಕಡಿಮೆ ಎಂದಾಗ ಚಪ್ಪಾಳೆ ಬಿತ್ತು. ಇನ್ನೊಬ್ಬರು ಈ ಹುಡುಗಿಯಿಂದಾಗಿ ಇನ್ನು ನಮ್ಮ ಅಜ್ಜ ಅಜ್ಜಿಯರ ಕಣ್ಣಿಗೆ ಕತ್ತರಿ ಹಾಕುವುದು ಬೇಡ ಎಂದರು. ಅದಕ್ಕೆ ಇನ್ನೂ ಜೋರು ಚಪ್ಪಾಳೆ. ಶ್ರೀವಾಣಿ ತಲೆ ತಗ್ಗಿಸಿ ಕೂತಿದ್ದಳು, ನೋಡುವವರಿಗೆ ವಿನಯದಂತೆ ಕಾಣುತ್ತಿತ್ತು. ವೇದಿಕೆಯ ತುದಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಂಕರಿಯ ಅಂಗೈ ಬೆವರಿ ಹಾಳೆ ಒದ್ದೆಯಾಗಿತ್ತು. ಹೆಸರು ಕರೆದಾಗ ಎದ್ದು ಹೋಗಿ ಓದಲು ಶುರುಮಾಡಿದಳು. ಮಾನ್ಯ ಅಧ್ಯಕ್ಷರೇ, ನನ್ನ ಅಕ್ಕನಂತಿರುವ ಡಾಕ್ಟರ್ ಶ್ರೀವಾಣಿಯವರೇ. ಅವಳು ಪಿಪೆಟ್ಟು ಹಿಡಿಯಲು ಕಲಿಸಿದ್ದು, ಹೆದರ್ಬೇಡ ಎಂದದ್ದು, ಬರೆದದ್ದೆಲ್ಲ ನಿಜವೇ ಆದದ್ದರಿಂದ ಓದಲು ಕಷ್ಟವಾಗಲಿಲ್ಲ. ಹಾಳೆಯ ಕೊನೆಯ ಭಾಗಕ್ಕೆ, ಸಂಶೋಧನೆಯ ಮಹತ್ವಕ್ಕೆ ಬಂದಾಗ ತಲೆ ಎತ್ತಿದಳು. ಮೂರನೆಯ ಸಾಲಿನಲ್ಲಿ ಅಮ್ಮ ನೆಟ್ಟಗೆ ಕೂತು ಹೆಮ್ಮೆಯಿಂದ ನಗುತ್ತಿದ್ದಳು. ದನಿ ಸ್ಪೀಕರಿನ ಪೆಟ್ಟಿಗೆಯಿಂದ ಬರುತ್ತಿತ್ತಲ್ಲ. ಗೋಡೆಯ ಮೂಲೆಯಲ್ಲಿ ಕಟ್ಟಿದ್ದ ಆ ಕಪ್ಪು ಪೆಟ್ಟಿಗೆಯನ್ನು ನೋಡಿ, ಅದೇ ಮಗಳು ಎಂಬಂತೆ, ನಗುತ್ತಿದ್ದಳು.

ಶಂಕರಿ ಹಾಳೆ ಮಡಚಿದಳು. "ಒಂದು ಮಾತು ಹೇಳ್ಬೇಕು," ಎಂದಳು. ಪುಸ್ತಕದ ಕನ್ನಡ ಬಾಯಿಗೆ ಬರಲಿಲ್ಲ. "ಪುನರ್ಪುಳಿಯ ಆ ಪದಾರ್ಥ ಕಣ್ಣಿನ ಪೊರೆಗೆ ಮದ್ದು ಅಲ್ಲ. ನಾನು ಅದರಲ್ಲೇ ಇರುವುದು, ಹಾಗಾಗಿ ಹೇಳ್ತಾ ಇದ್ದೇನೆ. ಅದು ಹಿಡಿದುಕೊಳ್ಳುವುದೇ ಇಲ್ಲ. ನಮಗೆ ಹಾಗೆ ಕಂಡದ್ದು ತಪ್ಪು, ನಮ್ಮ ಲ್ಯಾಬಿನವರೆಲ್ಲರ ತಪ್ಪು. ಪರೀಕ್ಷೆ ಇನ್ನೂ ಆಗ್ಲಿಕ್ಕುಂಟು, ಆದರೆ ಅದಕ್ಕೆ ಅಂತ ಯಾರೂ ಕಾಯ್ಬೇಡಿ. ಯಾರಾದ್ರೂ ಆಪರೇಶನ್ ಮುಂದೆ ಹಾಕಿದ್ರೆ, ದಯವಿಟ್ಟು ಮಾಡಿಸಿಕೊಳ್ಳಿ. ಬೇಗ ಮಾಡಿಸಿಕೊಳ್ಳಿ."

ಎದುರಿನ ಸಾಲಿನಲ್ಲಿ ಶ್ರೀವಾಣಿಯ ತಂದೆ ಪಕ್ಕದವರ ಮುಖ ನೋಡಿದರು. ಶಿವಪ್ರಸಾದ ಮಾಸ್ಟ್ರು ಎದ್ದು ಬಂದು ಮೈಕನ್ನು ಮೃದುವಾಗಿ ತಮ್ಮ ಕಡೆ ಎಳೆದುಕೊಂಡರು. "ನೋಡಿ, ವಿಜ್ಞಾನಿಗಳ ವಿನಯ ಅಂದ್ರೆ ಇದು. ಎಷ್ಟು ಸಾಧಿಸಿದರೂ ಇನ್ನೂ ಸಾಲದು, ಇನ್ನೂ ಪರೀಕ್ಷೆ ಆಗ್ಬೇಕು ಎನ್ನುತ್ತಾರೆ. ಸಹೋದರಿ ಶಂಕರಿಯವರಿಗೆ ಒಂದು ಚಪ್ಪಾಳೆ." ಸಭೆಗೆ ಉಸಿರು ಬಂತು, ಚಪ್ಪಾಳೆ ಬಿತ್ತು. ಹೇಳಿದ್ದನ್ನು ಇನ್ನೊಮ್ಮೆ ಹೇಳಲು ಶಂಕರಿ ಬಾಯಿ ತೆರೆದಳು, ಮೈಕು ಅವಳ ಹತ್ತಿರ ಇರಲಿಲ್ಲ. ಅವಳು ಕೂತಳು. ಶ್ರೀವಾಣಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಉತ್ತರವಾಗಿ ಅವಳು ಆಡಿದ್ದು ನಾಲ್ಕೇ ಮಾತು. ಗುರುಗಳನ್ನು ನೆನೆದಳು, ತಂದೆತಾಯಿಗೆ ಕೈಮುಗಿದಳು, ನನ್ನ ತಂಗಿ ಶಂಕರಿ ಎಂದು ನಿಲ್ಲಿಸಿದಳು. ಮುಂದೇನಾದರೂ ಬರಬಹುದೇ ಎಂದು ಶಂಕರಿ ಕಾದಳು. ಎಲ್ಲರಿಗೂ ನಮಸ್ಕಾರ ಎಂದಳು ಶ್ರೀವಾಣಿ.

ಉಪಾಹಾರಕ್ಕೆ ಎಲ್ಲರೂ ಎದ್ದಾಗ ಫೋಟೋಕ್ಕೆ ಶಂಕರಿಯನ್ನು ಯಾರೂ ಕರೆಯಲಿಲ್ಲ. ಎಲೆಯ ಮೇಲಿನ ಅವಲಕ್ಕಿಯನ್ನು ಬೆರಳಲ್ಲಿ ಆಡಿಸುತ್ತಾ ನಿಂತವಳ ಹತ್ತಿರ ಒಬ್ಬ ಅಜ್ಜ ಬಂದು, "ನೀವೂ ಡಾಕ್ಟ್ರಲ್ಲವಾ, ನನ್ನ ಮೊಣಕಾಲಿಗೆ ಎಂತಾದ್ರೂ ಉಂಟಾ?" ಎಂದು ಕೇಳಿದರು. ಇಲ್ಲಜ್ಜ ಎಂದಳು. ಅಂಗಳದಲ್ಲಿ ಕಾರು ಹತ್ತುತ್ತಿದ್ದ ಶ್ರೀವಾಣಿ ಒಂದು ಕ್ಷಣ ನಿಂತು ಇವಳ ಕಡೆ ನೋಡಿದಳು, ಮತ್ತೆ ತಾನೇ ಬಂದಳು. ಶಾಲು ಇನ್ನೂ ಹೆಗಲ ಮೇಲಿತ್ತು.

"ಇವತ್ತೊಂದು ದಿನ ಬಿಡ್ಬಹುದಿತ್ತು ನೀನು. ಒಂದೇ ದಿನ."

"ನೀನು ಎರಡು ವರ್ಷ ಬಿಟ್ಟಿದ್ದಿ ಅಕ್ಕ."

ಶ್ರೀವಾಣಿ ಜಾರುತ್ತಿದ್ದ ಶಾಲನ್ನು ಹೆಗಲಿಗೆ ಎಳೆದುಕೊಂಡಳು. ಕಾರಿನಿಂದ ಅವಳ ಅಮ್ಮ ಕರೆದರು. ಹೋಗುವವಳ ಬೆನ್ನನ್ನು ನೋಡುತ್ತಾ, ಓಡಿಹೋಗಿ ಆ ಶಾಲಿನ ತುದಿ ಹಿಡಿದು ನಿಲ್ಲಿಸಬೇಕು ಎಂದು ಶಂಕರಿಗೆ ಒಮ್ಮೆಲೇ ಅನಿಸಿತು. ಆ ಗುಡ್ಡದ ಮೇಲೆ, ಆ ಲ್ಯಾಬಿನಲ್ಲಿ ತಾನು ಪಡುವ ಕಷ್ಟ ಜಗತ್ತಿನಲ್ಲೇ ಗೊತ್ತಿದ್ದವಳು ಅವಳೊಬ್ಬಳೇ ಆಗಿದ್ದಳಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ಯಾರನ್ನೂ ಮಾತಾಡಿಸಲಿಲ್ಲ. ನೀರ್ಚಾಲು ದಾಟಿತು, ಸೀತಾಂಗೋಳಿ ಬಂತು, ಹತ್ತುವವರು ಹತ್ತಿದರು. ಅಮ್ಮನಿಗೆ ಅರ್ಥವಾಗಿರಲಿಕ್ಕಿಲ್ಲ, ಊರಿನವರಂತೆ ವಿನಯವೆಂದೇ ತಿಳಿದಿರಬೇಕು, ಮನೆಗೆ ಹೋಗಿ ಮೆಲ್ಲನೆ ಹೇಳಬೇಕು ಎಂದು ಶಂಕರಿ ಮಾತು ಜೋಡಿಸುತ್ತಿದ್ದಳು.

"ಹಾಗಾದ್ರೆ ಮದ್ದು ಇಲ್ಲ," ಎಂದಳು ಅಮ್ಮ.

"ಇಲ್ಲಮ್ಮ."

"ಯಾವಾಗ ಗೊತ್ತಾದದ್ದು ನಿನಗೆ?"

"ಗುರುವಾರ."

ಅಮ್ಮ ಮಡಿಲಿನ ಮೇಲೆ ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. "ಶುಕ್ರವಾರ ಸಂಜೆ ಮನೆಗೆ ಬಂದಿ. ಶನಿವಾರ ಇಡೀ ದಿನ ಮನೆಯಲ್ಲೇ ಇದ್ದಿ. ನನ್ನ ಹತ್ತಿರ ಕೂತು ಊಟ ಮಾಡಿದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಷ್ಟು ಜನರ ಎದುರು, ಮೈಕಿನಲ್ಲಿ ಹೇಳ್ಲಿಕ್ಕೆ ಆಯ್ತು ನಿನಗೆ. ನನಗೆ ಅಡಿಗೆಮನೆಯಲ್ಲಿ ಹೇಳ್ಲಿಕ್ಕೆ ಆಗ್ಲಿಲ್ಲ. ನಾನು ಕೂಡ ಸಭೆಯಾ ಮಗಾ?"

ಎರಡು ವರ್ಷ ಸುಮ್ಮನಿದ್ದವಳ ಮುಂದೆ ತಾನು ನೇರವಾಗಿ ನಿಂತೆನೆಂಬ ಶಂಕರಿಯ ಚಿಕ್ಕ ಹೆಮ್ಮೆ ಬಸ್ಸಿನ ಬಿಸಿಯಲ್ಲಿ ಕರಗಿ ಇಳಿಯಿತು. ಹೇಳಿದರೆ ಅಮ್ಮನ ಮುಖ ಹೇಗಾದೀತು ಎಂದು ನೋಡಲು ಹೆದರಿ, ಆ ಮುಖವನ್ನು ನೂರು ಮುಖಗಳ ನಡುವೆ ಕೂರಿಸಿ, ದೂರದಿಂದ ಹೇಳಿ ಮುಗಿಸಿದ್ದಳು. ಶ್ರೀವಾಣಿಯೂ ಹೀಗೆಯೇ ಹೆದರಿರಬೇಕು. ಕುಂಬಳೆ ಬಂತು. ಇಳಿಯುವಾಗ ಶಂಕರಿ ತೋಳು ಹಿಡಿಯಲು ಹೋದರೆ ಅಮ್ಮ ಬೇಡವೆಂದು ಕೊಡವಿ, ಕಂಬಿ ಹಿಡಿದು ತಾನೇ ಇಳಿದಳು.

ಆಮೇಲೆ ನಡೆದದ್ದೆಲ್ಲ ಮೆಲ್ಲಮೆಲ್ಲನೆ ನಡೆಯಿತು. ಸಭೆಯ ಸುದ್ದಿ ಮೇಡಂ ಕಿವಿಗೆ ಬಿತ್ತು. ಅವರು ಬಯ್ಯಲಿಲ್ಲ, ಬಹಳ ದಿನ ಹೆಸರು ಹಿಡಿದು ಕರೆಯಲೂ ಇಲ್ಲ. ಇನ್ನೊಬ್ಬ ವಿದ್ಯಾರ್ಥಿಯಿಂದ ಅದೇ ಪರೀಕ್ಷೆ ಮಾಡಿಸಿದರು. ಅವನ ಕೈಯಲ್ಲೂ ಬೆಳಕು ಮುಟ್ಟದೆಯೇ ಕುಗ್ಗಿದಾಗ, ಒಂದು ಮಧ್ಯಾಹ್ನ ಶಂಕರಿಯ ಮೇಜಿನ ಹತ್ತಿರ ಬಂದು ನಿಂತು, ಇದನ್ನೇ ನಿನ್ನ ಥೀಸಿಸ್ಸಿನ ಮೊದಲ ಅಧ್ಯಾಯ ಮಾಡು, ಆದದ್ದು ಆಯಿತು ಎಂದರು. ಹಳೆಯ ಪ್ರಬಂಧಕ್ಕೆ ತಿದ್ದುಪಡಿ ಕಳಿಸುವಾಗ ಶ್ರೀವಾಣಿಯ ಒಪ್ಪಿಗೆ ಬೇಕಿತ್ತು. ಒಂದೇ ಸಾಲಿನಲ್ಲಿ ಬಂತು, ಒಪ್ಪಿದ್ದೇನೆ ಎಂದು. ಅದರ ಮೇಲೆಯೂ ಕೆಳಗೂ ಏನೂ ಇರಲಿಲ್ಲ. ಅವಳ ಕೆಲಸ ಉಳಿಯಿತೋ ಹೋಯಿತೋ ಶಂಕರಿಗೆ ಗೊತ್ತಾಗಲಿಲ್ಲ. ಕೇಳಬೇಕೆಂದು ಫೋನು ಕೈಗೆತ್ತಿಕೊಂಡು ಕೆಳಗಿಟ್ಟ ದಿನಗಳಿದ್ದವು. ಲ್ಯಾಬಿನಲ್ಲಿ ಯಾರೂ ಈಗ ಶಂಕರಿಯ ಕೈಯ ಮಾತು ಆಡುತ್ತಿರಲಿಲ್ಲ. ಅವಳು ಒಳಗೆ ಬಂದರೆ ಮಾತನ್ನೇ ಸ್ವಲ್ಪ ಕಡಿಮೆ ಮಾಡುತ್ತಿದ್ದರು, ಇವಳ ಎದುರು ತಮ್ಮ ಗೆರೆಚಿತ್ರಗಳನ್ನು ತೆರೆದಿಡಲು ಹೆದರಿದವರಂತೆ. ಕ್ಯಾಂಟೀನಿನಲ್ಲಿ ಒಬ್ಬಳೇ ಉಣ್ಣುವುದು ರೂಢಿಯಾಯಿತು.

ಮಳೆ ಕಳೆದ ಮೇಲೆ ಸರಕಾರಿ ಆಸ್ಪತ್ರೆಯಲ್ಲಿ ಅಮ್ಮನ ಬಲಗಣ್ಣಿನ ಆಪರೇಶನ್ ಆಯಿತು. ಬೇಗ ಬಂದಿದ್ದರೆ ಇನ್ನೂ ಸುಲಭವಿತ್ತು ಎಂದು ಡಾಕ್ಟರು ಮಲಯಾಳದಲ್ಲಿ ಹೇಳಿದ್ದನ್ನು ಶಂಕರಿ ಅಮ್ಮನಿಗೆ ಹಾಗೆಯೇ, ಏನೂ ಬಿಡದೆ, ತುಳುವಿನಲ್ಲಿ ಹೇಳಿದಳು. ಅಮ್ಮ ಹೂಂ ಎಂದಳು. ಮರುದಿನ ಬೆಳಿಗ್ಗೆ ನರ್ಸು ಬಂದು ಪಟ್ಟಿ ತೆಗೆದು, ನೀರು ಒರೆಸಿ, ಮೆಲ್ಲ ತೆರೆಯಿರಿ ಎಂದಳು. ವಾರ್ಡಿನ ಕಿಟಕಿಯಿಂದ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಅಮ್ಮ ಮೊದಲು ಗೋಡೆ ನೋಡಿದಳು, ತನ್ನ ಅಂಗೈಯನ್ನು ತಿರುಗಿಸಿ ನೋಡಿದಳು, ಹೊಗೆಸೊಪ್ಪಿನ ಕರೆ ಹತ್ತಿದ ಉಗುರುಗಳನ್ನು ನೋಡಿ ನಾಚಿದವಳಂತೆ ಕೈ ಮಡಚಿಕೊಂಡಳು. ಆಮೇಲೆ ಸ್ಟೂಲಿನ ಮೇಲೆ ಕೂತಿದ್ದ ಮಗಳ ಕಡೆಗೆ ತಿರುಗಿದಳು. ತಿರುಗಿದವಳು ನೋಡುತ್ತಲೇ ಇದ್ದಳು.

"ಎಂತಮ್ಮ? ಕಾಣ್ತದಾ?"

"ನಿನ್ನ ತಲೆಕೂದಲು," ಎಂದಳು ಅಮ್ಮ. "ಇಷ್ಟು ಬೆಳ್ಳಗೆ ಯಾವಾಗ ಆದದ್ದು ಮಗಾ? ನನಗೆ ಯಾರೂ ಹೇಳ್ಲೇ ಇಲ್ಲವಲ್ಲ."

ಶಂಕರಿಯ ಕೈ ತಾನಾಗಿ ಕಿವಿಯ ಹಿಂದಿನ ಕೂದಲಿನ ಕಡೆಗೆ, ಅದನ್ನು ಮುಚ್ಚಲು ಹೋಯಿತು. ಅಲ್ಲಿಯೇ ತಡೆದು ಮಡಿಲಿಗೆ ಇಳಿಸಿದಳು. ಅಮ್ಮ ಹಣೆ ನೋಡಿದಳು, ಕಣ್ಣಿನ ಕೆಳಗಿನ ಕಪ್ಪು ನೋಡಿದಳು, ಬತ್ತಿದ ಕೆನ್ನೆ ನೋಡಿದಳು, ಒಂದೊಂದನ್ನೂ ನಿಧಾನವಾಗಿ, ಅವಸರವಿಲ್ಲದೆ. ನೋಡಲಿ ಎಂದು ಶಂಕರಿ ಸ್ಟೂಲನ್ನು ಬಿಸಿಲಿಗೆ ಎಳೆದುಕೊಂಡು, ಮುಖ ಎತ್ತಿ ಕುಳಿತಳು.